ವಿಚಾರಣೆ ಅಂಕಲ್

ಯಾರಾದರೂ ಮಾತು ಶುರು ಮಾಡಿದರೆ ಸಾಕು, ಅವರ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ಅಗಲವಾಗಿ ತೆರೆದು ಮಾತಾಡುವವರ ಬಾಯಿಯನ್ನೇ ನೋಡುತ್ತಿರುತ್ತಿತ್ತು. ಆ ನೋಟದ ಮುಂದೆ ನಿಂತು 'ಇವತ್ತು ಶುಕ್ರವಾರ' ಎಂದರೂ ನಮಗೇ ಅನುಮಾನ ಹುಟ್ಟುತ್ತಿತ್ತು, ಶುಕ್ರವಾರವೇ ಹೌದಾ ಎಂದು. ಕಿವಿಯ ಮೇಲೆ ಬಿಳಿ ಕೂದಲಿನ ಸಣ್ಣ ಪೊದೆ. ಶರ್ಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಳ್ಳುತ್ತಿದ್ದರು, ಕತಾರಿನ ನಮ್ಮೂರು ಅಲ್ ಖೋರಿನ ಸುಡುವ ಬೇಸಿಗೆಯಲ್ಲೂ. ಒಂದು ಗುಂಡಿ ಬಿಚ್ಚಿದರೆ ಯಾರೋ ಏನೋ ಕದ್ದುಕೊಂಡು ಹೋಗುತ್ತಾರೆ ಎನ್ನುವ ಹಾಗೆ.

ನಮ್ಮ ಪಪ್ಪ ಮತ್ತು ಅವರು ಒಂದೇ ಕಂಪೆನಿಯಲ್ಲಿದ್ದರು. ಪಪ್ಪ ಆಫೀಸಿನಲ್ಲಿ ಗುಮಾಸ್ತ. ಅವರು ಸ್ಟೋರಿನಲ್ಲಿ, ಬಂದ ಮಾಲನ್ನು ಪರೀಕ್ಷಿಸುವವರು. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅದನ್ನು ಒಡೆದು ಒಳಗಿರುವುದು ಅದೇ ಹೌದೋ ಎಂದು ನೋಡಿ ಸಹಿ ಹಾಕುವುದು ಅವರ ಕೆಲಸ. ದೇವರು ಕೆಲವರಿಗೆ ಸ್ವಭಾವಕ್ಕೆ ಸರಿಯಾದ ನೌಕರಿಯನ್ನೇ ಕೊಡುತ್ತಾನೆ. ಅಲ್ ಖೋರಿನಿಂದ ರಾಸ್ ಲಫಾನಿಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಸೀಟು. ಪಪ್ಪ ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ಇವರು ಡ್ರೈವರನ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು, ಅವನಿಗೂ ನಿದ್ದೆ ಬಂದರೆ ಕಷ್ಟವಲ್ಲವೇ.

ಯಾವುದನ್ನೂ ಅವರು ಸುಮ್ಮನೆ ಒಪ್ಪಿಕೊಂಡವರಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಬಾಟಲಿಯನ್ನು ಸಾಲಿನ ಹಿಂದಿನಿಂದ ಎಳೆದು ತೆಗೆಯುತ್ತಿದ್ದರು. ಬೀಗ ಹಾಕಿದ ಮೇಲೆ ಬಾಗಿಲನ್ನು ದೂಡಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ದೂಡುತ್ತಿದ್ದರು. ಯಾರಾದರೂ ಸಿಹಿಯಾಗಿ ಮಾತಾಡಿ ಹೋದರೆ, "ಇವನಿಗೆ ಎಂತ ಬೇಕಂತೆ?" ಎನ್ನುತ್ತಿದ್ದರು. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಅವರಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಕಂಡಿಲ್ಲ. ದೋಹಾದ ಅಬು ಹಮೂರಿನಲ್ಲಿ ಹೊಸ ಇಗರ್ಜಿ, ಅಂದರೆ ಚರ್ಚು, ತೆರೆದಾಗ ಗೇಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸಿಯೇ ಪೂಜೆಗೆ ಹೋಗಬೇಕಿತ್ತು. ಎಲ್ಲರೂ ಗೊಣಗಿದರು. ಅವರೊಬ್ಬರು ಮಾತ್ರ, "ದೇವರಿಗೂ ಈಗ ಬುದ್ಧಿ ಬಂತು," ಎಂದು ಸಂತೋಷಪಟ್ಟರು.

ಆದರೆ ಅವರಿಗೆ 'ವಿಚಾರಣೆ ಅಂಕಲ್' ಎಂಬ ಹೆಸರು ಬಂದದ್ದು ಇದರಿಂದಲ್ಲ. ನಮ್ಮ ಕರಾವಳಿಯ ಕ್ರಿಸ್ತುವರಲ್ಲಿ ಒಂದು ಸಂಬಂಧ ಬಂದರೆ, ಹುಡುಗ ಯಾವ ಇಗರ್ಜಿಯವನೋ ಅಲ್ಲಿಯ ಫಾದರನ್ನೂ ನೆರೆಕರೆಯವರನ್ನೂ ಕೇಳಿ ತಿಳಿದುಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಕುಡಿಯುತ್ತಾನಾ, ಕೈ ಮಾಡುತ್ತಾನಾ, ತಾಯಿ ಜಗಳಗಂಟಿಯಾ, ಎಲ್ಲವನ್ನೂ. ಹುಡುಗ ಗಲ್ಫಿನಲ್ಲಿದ್ದರೆ ಊರಿನ ಫಾದರಿಗೆ ಏನು ಗೊತ್ತು? ಹಾಗಾಗಿ ಉಡುಪಿಯ ಕಡೆಯಿಂದ, ಮಂಗಳೂರಿನ ಕಡೆಯಿಂದ ಹೆಣ್ಣು ಹೆತ್ತವರು ಇವರಿಗೆ ಫೋನ್ ಮಾಡುತ್ತಿದ್ದರು. ಇವರು ರಜೆಯ ದಿನ ದೋಹಾದ ನಜ್ಮಾಕ್ಕೆ ಹೋಗಿ, ಹುಡುಗನಿರುವ ಶೇರಿಂಗ್ ರೂಮಿನ ಕೆಳಗಿನ ಕೆಫೆಟೇರಿಯಾದಲ್ಲಿ ಕೂರುತ್ತಿದ್ದರು. ಹುಡುಗನನ್ನು ಎಂದೂ ಮಾತಾಡಿಸುತ್ತಿರಲಿಲ್ಲ. "ಅವನನ್ನೇ ಕೇಳಿದ್ರೆ ಅವ ಒಳ್ಳೆಯವನೇ ಆಗಿರ್ತಾನೆ," ಎನ್ನುತ್ತಿದ್ದರು. ಚಹಾ ಮಾಡುವವನನ್ನು ಕೇಳುತ್ತಿದ್ದರು, ಚಹಾ ತಡವಾದರೆ ಬೈಯುತ್ತಾನಾ ಎಂದು. ಟೈಲರನನ್ನು ಕೇಳುತ್ತಿದ್ದರು, ಅಳತೆ ತಪ್ಪಿದರೆ ಹೇಗೆ ಮಾತಾಡುತ್ತಾನೆ ಎಂದು. ರೂಮಿನವರನ್ನು ಕೇಳುತ್ತಿದ್ದರು, ತಿಂದ ತಟ್ಟೆಯನ್ನು ಯಾರು ತೊಳೆಯುತ್ತಾರೆ ಎಂದು.

ಕತಾರಿನಲ್ಲೇ ಇರುವ ಹೆಣ್ಣಿನ ಕಡೆಯವರಿಗೆ ಮನೆಗೇ ಹೋಗಿ ವರದಿ ಕೊಡುತ್ತಿದ್ದರು. ಅದಕ್ಕೂ ಒಂದು ಕ್ರಮವಿತ್ತು. ಚಹಾ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಸಂಬಂಧ ಒಳ್ಳೆಯದಾದರೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಕುಡಿಯದೆ ಎದ್ದರೆ ಆ ಮಾತು ಅಲ್ಲಿಗೆ ಖಲಾಸ್. ಇಷ್ಟು ಮದುವೆಗಳನ್ನು ಅಳೆದು ತೂಗಿದ ಮನುಷ್ಯ ತಾನು ಮಾತ್ರ ಮದುವೆಯಾಗಿರಲಿಲ್ಲ. "ಇವರ ವಿಚಾರಣೆಯಲ್ಲಿ ಪಾಸಾಗುವ ಹೆಣ್ಣು ಇನ್ನೂ ಹುಟ್ಟಿಲ್ಲ," ಎಂದು ಮಮ್ಮಿ ನಗುತ್ತಿದ್ದರು.

ನಮ್ಮ ಮನೆಮಾತು ಕೊಂಕಣಿ, ಅವರದ್ದೂ ಕೊಂಕಣಿ. ಆದರೂ ನಮ್ಮ ಮನೆಗೆ ಬಂದು ಕೂತರೆ ಅವರು ಮಾತಾಡುತ್ತಿದ್ದದ್ದು ಕನ್ನಡ. ಕಾರಣ ಸರಳ. ಪಕ್ಕದ ಮನೆಯ ಗೋವಾದವರಿಗೆ ಕೊಂಕಣಿ ತಿಳಿಯುತ್ತದೆ, ಎದುರು ಮನೆಯ ಕಾಸರಗೋಡಿನ ಮಲಯಾಳಿಗಳಿಗೆ ತುಳು ತಿಳಿಯುತ್ತದೆ, ಇಂಗ್ಲಿಷ್ ಎಲ್ಲರಿಗೂ ತಿಳಿಯುತ್ತದೆ. ಉಳಿದದ್ದು ಕನ್ನಡ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಈ ಭಾಷೆ ಬಂದದ್ದು ಹೀಗೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಯಾರ್ಯಾರದೋ ಮದುವೆಯ ಗುಟ್ಟು ಕದ್ದು ಕೇಳಿ. ಅಕ್ಷರ ಕಲಿಸಿದ್ದು ಮಮ್ಮಿ, ಆದರೆ ಮಾತು ಅವರದು.

ಹನ್ನೆರಡನೆಯ ಕ್ಲಾಸು ಮುಗಿಯುವ ಹೊತ್ತಿಗೆ ನನಗೆ ಸ್ಕಾಟ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಕಡಲ ಜೀವಿಗಳ ಬಗ್ಗೆ ಓದುವ ಡಿಗ್ರಿ. ಅಲ್ ಖೋರಿನ ಹತ್ತಿರ ಸಮುದ್ರದ ನೀರು ಒಳಗೆ ಬರುವಲ್ಲಿ ಕಾಂಡ್ಲಾ ಗಿಡಗಳಿವೆ, ಉಪ್ಪುನೀರಿನಲ್ಲೇ ಬೆಳೆಯುವ ಮ್ಯಾಂಗ್ರೋವ್‌ಗಳು. ಸುತ್ತ ಬೋಳು ಮರಳು, ನಡುವೆ ಅಷ್ಟೇ ಹಸಿರು. ನೀರು ಇಳಿದಾಗ ಕೆಸರಿನ ತೂತುಗಳಿಂದ ಸಣ್ಣ ಏಡಿಗಳು ಹೊರಬರುತ್ತವೆ. ಚಿಕ್ಕಂದಿನಿಂದ ನಾನು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವಳು. ಆ ಏಡಿಗಳ ವಿಷಯ ಸರಿಯಾಗಿ ಹೇಳಿಕೊಡುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಫೀಸಿನಲ್ಲಿ ಅರ್ಧ ಭಾಗವನ್ನು ಯೂನಿವರ್ಸಿಟಿಯೇ ಬಿಟ್ಟುಕೊಟ್ಟಿತ್ತು.

ಪಪ್ಪ ಸುದ್ದಿ ಕೇಳಿ ತಲೆ ಕೆರೆದುಕೊಂಡರು.

"ಮೀನಿನ ಬಗ್ಗೆ ಕಲೀಲಿಕ್ಕೆ ಸ್ಕಾಟ್ಲೆಂಡಿಗೆ ಯಾಕೆ? ಮಲ್ಪೆಗೆ ಹೋದ್ರೆ ಸಾಕಲ್ಲ!"

ನಾನು ಅತ್ತೆ. ಪಪ್ಪನಿಗೆ ನನ್ನ ಅಳು ನೋಡಲಾಗುತ್ತಿರಲಿಲ್ಲ. "ಆಯ್ತು, ಆಯ್ತು. ಅವರತ್ರ ಒಮ್ಮೆ ಕೇಳ್ವ," ಎಂದರು. ಅವರು ಎಂದರೆ ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಕಣ್ಣಿನ ಕೆಳಗೆ ಯಾವ ಯೂನಿವರ್ಸಿಟಿ ತಾನೇ ಪಾಸಾದೀತು?

ಮರುದಿನವೇ ಬಂದರು. ಯೂನಿವರ್ಸಿಟಿಯವರು ಕಳಿಸಿದ ಬಣ್ಣದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಪುಟ ತಿರುಗಿಸಿದರು.

"ಈ ಫೋಟೋದಲ್ಲಿ ಎಲ್ಲರೂ ಯಾಕೆ ನಗ್ತಾ ಇದ್ದಾರೆ?"

"ಖುಷಿಯಲ್ಲಿದ್ದಾರೆ, ಅಂಕಲ್."

"ಓದುವ ಜಾಗದಲ್ಲಿ ಇಷ್ಟು ಖುಷಿ ಎಂತದಕ್ಕೆ? ಮತ್ತೆ ಇದು ನೋಡು, ಬಿಸಿಲು. ಅಲ್ಲಿ ಮಳೆ ಬಿಡುದಿಲ್ಲ ಅಂತ ಕೇಳಿದ್ದೇನೆ. ವರ್ಷದಲ್ಲಿ ಯಾವಾಗಲೋ ಬಿಸಿಲು ಬಂದ ದಿನ ಓಡಿ ಹೋಗಿ ತೆಗೆದದ್ದು ಇದು. ಹುಡುಗನ ಕಡೆಯವರು ಸಂಬಂಧಕ್ಕೆ ಕಳಿಸುವ ಫೋಟೋ ಹಾಗೆ."

ನನಗೆ ಮೈಯೆಲ್ಲ ಉರಿಯಿತು. ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಯಾವುದೋ ಊರಿನ ಫಾದರ್, ಅವರಿಗೆ ಗೊತ್ತಿದ್ದ ಇನ್ನೊಬ್ಬ ಫಾದರ್ ಹೀಗೆ ಕೇಳುತ್ತ ಕೇಳುತ್ತ ಆ ಸ್ಕಾಟ್ಲೆಂಡಿನ ಊರಿನ ಇಗರ್ಜಿಯ ನಂಬರು ಹಿಡಿದರು. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಫೋನಿನಿಂದಲೇ, ಫೋನ್ ಕಾರ್ಡಿನ ನಂಬರನ್ನು ಎರಡೆರಡು ಸಲ ಒತ್ತಿ, ಫಾದರಿಗೆ ಕರೆ ಮಾಡಿದರು. ಅವರ ಇಂಗ್ಲಿಷು ಸ್ಟೋರಿನ ಇಂಗ್ಲಿಷು, ದೂರದವರಿಗೆ ಕೇಳಲಿ ಎಂದು ಜೋರಾಗಿ ಬೇರೆ. ಈ ಯೂನಿವರ್ಸಿಟಿ ಹೇಗೆ ಫಾದರ್, ಏನಾದರೂ ಕಂಪ್ಲೇಂಟ್ ಉಂಟಾ, ಸಂಜೆ ಹೊತ್ತು ಮಕ್ಕಳು ಏನು ಮಾಡುತ್ತಾರೆ, ಕುಡಿತ ಇದೆಯಾ? ಆಚೆ ಕಡೆ ಫಾದರ್ ಗಹಗಹಿಸಿ ನಗುವುದು ನನಗೂ ಕೇಳಿಸಿತು. ನಾನು ನಾಚಿಕೆಯಿಂದ ದಿಂಬಿಗೆ ಮುಖ ಒತ್ತಿಕೊಂಡೆ. ಅವರು ಮಾತ್ರ ಫೋನಿಟ್ಟು, "ತುಂಬ ನಗ್ತಾರೆ. ಇನ್ನೊಮ್ಮೆ ಕೇಳ್ಬೇಕು," ಎಂದು ಎದ್ದು ಹೋದರು.

ಅಲ್ಲಿಯವರೆಗೆ ನನಗೆ ಅವರ ಮೇಲೆ ಇದ್ದದ್ದು ಸಿಟ್ಟು. ಸಂಶಯ ಶುರುವಾದದ್ದು ಆಮೇಲೆ.

ಮೊದಲು ಶಾಲೆಯಲ್ಲಿ. ನಮ್ಮ ಬಯಾಲಜಿ ಟೀಚರ್ ಸಿಕ್ಕಿ, "ನಿಮ್ಮ ಅಂಕಲ್ ಬಂದಿದ್ದರು, ನಿನ್ನ ಬಗ್ಗೆ ಏನೇನೋ ಕೇಳಿದರು," ಎಂದರು. ಏನು ಕೇಳಿದರು ಎಂದರೆ ಸುಮ್ಮನೆ ನಕ್ಕರು. ಲೈಬ್ರರಿಯವರನ್ನೂ ಮಾತಾಡಿಸಿದ್ದರಂತೆ. ನನಗೆ ಅರ್ಥವಾಗಲಿಲ್ಲ. ವಿಚಾರಣೆ ಮಾಡಬೇಕಾದದ್ದು ಯೂನಿವರ್ಸಿಟಿಯನ್ನು. ನನ್ನನ್ನು ಯಾಕೆ?

ಎರಡನೆಯ ಸುದ್ದಿ ತಂದವಳು ನನ್ನ ಗೆಳತಿ. ಬಂಟ್ವಾಳದ ಬ್ಯಾರಿ ಮುಸ್ಲಿಮರ ಹುಡುಗಿ, ಅವಳ ತಂದೆಗೆ ನಜ್ಮಾದಲ್ಲಿ ಬಟ್ಟೆಯಂಗಡಿ.

"ನಿನ್ನ ವಿಚಾರಣೆ ಅಂಕಲ್ ನಮ್ಮ ಅಂಗಡಿ ಎದುರಿನ ಕೆಫೆಟೇರಿಯಾದಲ್ಲಿ ಕೂತಿದ್ರು ಮಾರಾಯ್ತಿ. ಮೇಲಿನ ರೂಮಿನಲ್ಲಿ ಒಬ್ಬ ಅಕೌಂಟೆಂಟ್ ಇದ್ದಾನಲ್ಲ, ನಿಮ್ಮ ಕಡೆಯವನೇ, ಅವನದ್ದು ಕೇಳ್ತಾ ಇದ್ರು. ಮತ್ತೆ ನಮ್ಮ ಅಂಗಡಿಗೂ ಬಂದು ನನ್ನತ್ರ ನಿನ್ನ ಬಗ್ಗೆ ಕೇಳಿದ್ರು."

"ನನ್ನ ಬಗ್ಗೆ ಎಂತ?"

"ನೀನು ಯಾವಾಗ ಅಳ್ತೀ ಅಂತ."

ಇದೆಂಥ ಪ್ರಶ್ನೆ? ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಒಬ್ಬ ಹುಡುಗನ ವಿಚಾರಣೆ, ಒಬ್ಬ ಹುಡುಗಿಯ ವಿಚಾರಣೆ. ಇದು ಯೂನಿವರ್ಸಿಟಿಯ ವಿಷಯವಲ್ಲ. ಎರಡಕ್ಕೆ ಎರಡು ಕೂಡಿಸಿದರೆ ಏನಾಗುತ್ತದೆ ಎಂದು ತಿಳಿಯಲು ಹನ್ನೆರಡನೆಯ ಕ್ಲಾಸು ಓದಬೇಕಾಗಿಲ್ಲ.

ಆಮೇಲೆ ಎಲ್ಲದಕ್ಕೂ ಅರ್ಥ ಬರತೊಡಗಿತು. ಮಮ್ಮಿ ನನ್ನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟ್ ಫೋಟೋದ ಜೊತೆಗೆ ಸೀರೆಯಲ್ಲಿ ಒಂದು ನಿಂತ ಫೋಟೋ ತೆಗೆಸಿದ್ದು. ಊರಿಗೆ ಫೋನ್ ಮಾಡುವಾಗ ನಾನು ಬಂದರೆ ಮಾತು ಬದಲಿಸುವುದು. ಕೊನೆಗೆ, ವಿಚಾರಣೆ ಅಂಕಲ್ ಬಂದು ಪಪ್ಪನಲ್ಲಿ, "ಅವಳ ಬ್ಯಾಪ್ಟಿಸಂ ಸರ್ಟಿಫಿಕೇಟ್ ತರಿಸಿ," ಎಂದದ್ದು. ಊರಿನ ಇಗರ್ಜಿಯಿಂದ ಜ್ಞಾನಸ್ನಾನದ ಪತ್ರ ತರಿಸುವುದು ನಮ್ಮಲ್ಲಿ ಮುಖ್ಯವಾಗಿ ಒಂದೇ ಕೆಲಸಕ್ಕೆ, ಮದುವೆಗೆ. ವೀಸಾಕ್ಕೆ ಅದನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಸ್ಕಾಟ್ಲೆಂಡಿಗೆ ಕಳಿಸುವ ನಾಟಕವಾಡುತ್ತ, ಒಳಗಿಂದೊಳಗೆ ನಜ್ಮಾದ ಅಕೌಂಟೆಂಟಿಗೆ ಮಾತು ಮುಗಿಸುತ್ತಿದ್ದಾರೆ, ಊರಿನಲ್ಲಿ ಯಾವುದಾದರೂ ಒಂದು ಡಿಗ್ರಿ ಮಾಡಿಸಿ ಮದುವೆ ಮಾಡಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಇದರ ಸೂತ್ರಧಾರ ಆ ಅರ್ಧಗಣ್ಣಿನ ಮನುಷ್ಯ.

ಹಾಗಾದರೆ ಅವರ ವಿಚಾರಣೆಯನ್ನು ಯಾರು ಮಾಡಬೇಕು? ನಾನೇ ಹೊರಟೆ. ಅವರ ಕ್ರಮದಲ್ಲೇ, ಅವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದೆ. ಬಸ್ಸಿನ ಡ್ರೈವರನಿಗೆ ಏನೂ ಗೊತ್ತಿರಲಿಲ್ಲ, ಭಯ ಮಾತ್ರ ಇತ್ತು. ಪಕ್ಕದ ಮನೆಯ ಗೋವಾದ ಆಂಟಿ ಒಂದು ವಿಷಯ ಹೇಳಿದರು. ಪ್ರತಿ ಕ್ರಿಸ್ಮಸ್ಸಿಗೆ ಅವರಿಗೆ ಊರಿನಿಂದ, ತಂಗಿಯ ಮನೆಯಿಂದ, ಒಂದು ಡಬ್ಬ ಹಬ್ಬದ ತಿಂಡಿ, ಕುಸ್ವಾರ್, ಬರುತ್ತದೆ. ನೆವರಿ, ಕಿಡಿಯೋ, ಚಕ್ಕುಲಿ ಎಲ್ಲ. ಅವರು ಅದರಲ್ಲಿ ಒಂದು ತುಂಡನ್ನೂ ಬಾಯಿಗೆ ಹಾಕದೆ ಬ್ಲಾಕಿನವರಿಗೆಲ್ಲ ಹಂಚಿಬಿಡುತ್ತಾರೆ. ಸ್ವಂತ ತಂಗಿ ಕಳಿಸಿದ ಸಿಹಿಯನ್ನೂ ನಂಬದ ಮನುಷ್ಯ ಎಂದು ನನಗೆ ಇನ್ನಷ್ಟು ಕೋಪ ಬಂತು.

ಸರ್ಟಿಫಿಕೇಟುಗಳ ಮೇಲೆ ಮೊಹರು ಹಾಕಿಸಲು ದೋಹಾಕ್ಕೆ ಹೋಗಬೇಕಾಗಿ ಬಂದ ದಿನ ಪಪ್ಪನಿಗೆ ರಜೆ ಸಿಗಲಿಲ್ಲ. ವಿಚಾರಣೆ ಅಂಕಲ್ಲೇ ತಮ್ಮ ಹಳೆಯ ಕಾರಿನಲ್ಲಿ ಮಮ್ಮಿಯನ್ನೂ ನನ್ನನ್ನೂ ಕರೆದೊಯ್ದರು. ಮಮ್ಮಿ ಹಿಂದೆ ಕೂತು ತೂಕಡಿಸುತ್ತಿದ್ದರು. ದಾರಿಯ ಎರಡೂ ಕಡೆ ಬಿಳಿ ಮರಳು. ಸ್ವಲ್ಪ ದೂರ ಹೋದ ಮೇಲೆ ಅವರು ರಸ್ತೆಯನ್ನೇ ನೋಡುತ್ತ ಕೇಳಿದರು.

"ನಿನಗೆ ನಿಜವಾಗಿ ಅಲ್ಲಿಗೆ ಹೋಗ್ಬೇಕಾ? ಅಲ್ಲ ಇಲ್ಲಿಂದ ತಪ್ಪಿಸಿಕೊಳ್ಳಿಕ್ಕಾ?"

ಇದು ಬಲೆ ಎಂದು ನನಗೆ ಕೂಡಲೇ ಹೊಳೆಯಿತು. ಹೋಗಬೇಕು ಎಂದರೆ 'ಹುಡುಗಿ ಹಟಮಾರಿ' ಎಂದು ವರದಿ ಹೋಗುತ್ತದೆ. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ನಾನು ಇಂಗ್ಲಿಷ್ ಪ್ರಬಂಧದಲ್ಲಿ ಬರೆಯುವಂಥ ಉತ್ತರ ಕೊಟ್ಟೆ. ಒಳ್ಳೆಯ ವಿದ್ಯಾಭ್ಯಾಸ ಸಿಗುತ್ತದೆ, ತಂದೆ ತಾಯಿ ಒಪ್ಪಿದರೆ ಹೋಗುತ್ತೇನೆ, ಇಲ್ಲದಿದ್ದರೆ ಅವರು ಹೇಳಿದ ಹಾಗೆ.

"ಇದು ಬಾಯಿಪಾಠ," ಎಂದರು.

ನನಗೆ ತಡೆಯಲಾಗಲಿಲ್ಲ. "ನೀವು ಶಾಲೆಯಲ್ಲಿ ನನ್ನ ಬಗ್ಗೆ ಯಾಕೆ ಕೇಳಿದ್ದು, ಅಂಕಲ್?"

"ಎರಡೂ ಕಡೆ ಕೇಳದೆ ವಿಚಾರಣೆ ಆಗುದಿಲ್ಲ."

ಅಷ್ಟೇ. ಎರಡೂ ಕಡೆ ಎಂದ ಮೇಲೆ ಇನ್ನೇನು ಉಳಿಯಿತು? ಕಳ್ಳನೇ ಒಪ್ಪಿಕೊಂಡ ಹಾಗಾಯಿತು.

ಮುಂದಿನ ಗುರುವಾರ ಸಂಜೆ ವರದಿ ಕೊಡಲು ಬಂದರು. ಮಮ್ಮಿ ಚಹಾ ತಂದಿಟ್ಟರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತೆ.

"ಮೊದಲು ಹುಡುಗನದ್ದು ಹೇಳ್ತೇನೆ," ಎಂದರು. ಅಂದರೆ ನನ್ನ ಅನುಮಾನ ನಿಜ. "ಹುಡುಗ ಒಳ್ಳೆಯವ. ಕುಡಿಯುದಿಲ್ಲ. ಶುಕ್ರವಾರದ ಪೂಜೆ ತಪ್ಪಿಸುದಿಲ್ಲ. ತಟ್ಟೆ ಅವನೇ ತೊಳೀತಾನೆ, ರೂಮಿನವರದ್ದೂ ತೊಳೀತಾನೆ. ಟೈಲರ್ ಸಹ ಹೊಗಳಿದ. ಆ ಟೈಲರ್ ಯಾರನ್ನೂ ಹೊಗಳುವವ ಅಲ್ಲ."

"ದೇವರು ದೊಡ್ಡವ," ಎಂದರು ಮಮ್ಮಿ.

"ಇನ್ನು ಯೂನಿವರ್ಸಿಟಿದ್ದು. ಓದು ಒಳ್ಳೆಯದು, ಹಾಸ್ಟೆಲ್ ಸಹ ಒಳ್ಳೆಯದು. ಆದ್ರೆ ಚಳಿಗಾಲದಲ್ಲಿ ಮಧ್ಯಾಹ್ನ ಕಳೆದ ಕೂಡಲೇ ಕತ್ತಲೆ. ಶನಿವಾರ ಕುಡಿತ ಉಂಟು, ಫಾದರ್ ಒಪ್ಪಿಕೊಂಡ್ರು. ಹೊರಗಿನಿಂದ ಬಂದ ಮಕ್ಕಳು ಒಂಟಿಯಾಗ್ತಾರೆ, ಕೆಲವರು ಅರ್ಧದಲ್ಲಿ ಬಿಟ್ಟು ಹೋಗ್ತಾರೆ ಅಂತ ಸಹ ಹೇಳಿದ್ರು."

"ಹಾಗಾದ್ರೆ ಖಲಾಸ್," ಎಂದರು ಪಪ್ಪ. ಅವರ ಧ್ವನಿಯಲ್ಲಿ ನಿರಾಳವಿತ್ತು.

ನನಗೆ ಆ ಕ್ಷಣ ಪಪ್ಪನ ಮೇಲೂ ಸಿಟ್ಟು ಬರಲಿಲ್ಲ. ಎಲ್ಲ ಮುಗಿಯಿತು ಎಂಬ ಒಂದೇ ಯೋಚನೆ. ಒಬ್ಬ ಒಳ್ಳೆಯ ಹುಡುಗನ ಒಳ್ಳೆಯತನದ ಮುಂದೆ ನನ್ನ ಏಡಿಗಳು ಏನು ಮಾಡಿಯಾವು?

"ಖಲಾಸ್ ಆಗ್ಲಿಲ್ಲ ಮಾರಾಯ್ರೆ. ಇನ್ನೊಂದು ಉಂಟು," ಎಂದರು ಅವರು. "ಹುಡುಗಿದ್ದು."

"ನಮ್ಮ ಮಗಳ ವಿಚಾರಣೆ ನಿಮಗೆ ಯಾರು ಮಾಡ್ಲಿಕ್ಕೆ ಹೇಳಿದ್ದು?" ಮಮ್ಮಿಯ ಧ್ವನಿ ಏರಿತು.

"ಯಾರೂ ಹೇಳ್ಲಿಲ್ಲ. ನಾನೇ ಮಾಡಿದ್ದು. ಅವಳ ಟೀಚರ್ ಹೇಳಿದ್ರು, ಕ್ಲಾಸಿನಲ್ಲಿ ಕಡಲಿನ ಪಾಠ ಬಂದ್ರೆ ಟೀಚರಿಗೇ ಪಾಠ ಮಾಡ್ತಾಳಂತೆ. ಲೈಬ್ರರಿಯಲ್ಲಿ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತೆಗೀತಾಳಂತೆ. ಅವಳ ದೋಸ್ತಿ ಹೇಳಿದಳು, ಈ ಹುಡುಗಿ ಮಾರ್ಕು ಕಡಿಮೆ ಬಂದ್ರೆ ಅಳುದಿಲ್ಲ, ಬೈದ್ರೆ ಅಳುದಿಲ್ಲ, ಅಲ್ಲಿ ಹೋಗ್ಲಿಕ್ಕಾಗದಿದ್ರೆ ಅಂತ ಹೇಳಿ ಅಳ್ತಾಳೆ. ನಾನು ಕಾರಿನಲ್ಲಿ ಅವಳನ್ನೇ ಕೇಳಿದೆ. ನನ್ನತ್ರ ಸುಳ್ಳು ಹೇಳಿದಳು. ಚಂದ ಮಾಡಿ ಹೇಳಿದಳು. ಹೆದರಿದವರು ಮಾತ್ರ ಸುಳ್ಳನ್ನು ಅಷ್ಟು ಚಂದ ಹೇಳುದು."

"ನಿಮಗೆ ಹೆಣ್ಣುಮಕ್ಕಳಿಲ್ಲ. ನಿಮಗೆಂತ ಗೊತ್ತಾಗ್ತದೆ?" ಎಂದರು ಮಮ್ಮಿ. ಮಮ್ಮಿ ಅಂಥ ಮಾತು ಆಡುವವರಲ್ಲ. ಆಡಿದ ಮೇಲೆ ಅವರಿಗೇ ಬೇಸರವಾಗಿರಬೇಕು.

ಅಂಕಲ್ ಧ್ವನಿ ತಗ್ಗಿಸಿ ಹೇಳಿದರು.

"ಮಗಳಿಲ್ಲ. ತಂಗಿ ಇದ್ದಾಳೆ. ಅವಳಿಗೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್‌ಗೆ ಸೀಟು ಸಿಕ್ಕಿತ್ತು. ನಾನು ಆಗ ಗಲ್ಫಿಗೆ ಹೊಸಬ. ಒಂದು ಸಂಬಂಧ ಬಂತು. ನಾನೇ ವಿಚಾರಣೆ ಮಾಡಿದೆ, ಅದೇ ನನ್ನ ಮೊದಲನೇದು. ಹುಡುಗನಲ್ಲಿ ಒಂದು ತಪ್ಪು ಸಿಗ್ಲಿಲ್ಲ. ಇವತ್ತಿಗೂ ಇಲ್ಲ, ಒಳ್ಳೆಯ ಮನುಷ್ಯ. ಮದುವೆ ಮಾಡಿದೆವು. ಅವನ ಫಾದರನ್ನು ಕೇಳಿದ್ದೆ, ನೆರೆಕರೆಯವರನ್ನು ಕೇಳಿದ್ದೆ, ಅವನ ಯಜಮಾನನನ್ನು ಕೇಳಿದ್ದೆ. ಅವಳೊಬ್ಬಳನ್ನು ಕೇಳ್ಲಿಲ್ಲ. ಕೇಳ್ಬೇಕು ಅಂತ ತಲೆಗೇ ಬರ್ಲಿಲ್ಲ. ಈಗ ಫೋನ್ ಮಾಡಿದ್ರೆ ಹ್ಞೂಂ ಅಂತಾಳೆ, ಇಲ್ಲ ಅಂತಾಳೆ. ಅವಳಾಗಿ ನನ್ನತ್ರ ಒಂದು ಮಾತು ಕೇಳಿದ್ದಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ಕಳಿಸ್ತಾಳೆ. ನನಗೆ ಅದು ಗಂಟಲಲ್ಲಿ ಇಳಿಯುದಿಲ್ಲ."

ಆಮೇಲೆ ಅವರು ಅಡುಗೆಮನೆಯ ಕಡೆ ತಿರುಗಿದ ಹಾಗೆ ಧ್ವನಿ ಹತ್ತಿರವಾಯಿತು.

"ಒಳಗೆ ನಿಂತು ಕೇಳುವವಳು ಹೊರಗೆ ಬಾ," ಎಂದರು ಅವರು. "ಇಷ್ಟು ವರ್ಷ ಕೇಳಿದ್ದು ಸಾಕು. ಈಗ ಹೇಳು."

ಅಷ್ಟು ವರ್ಷವೂ ಅವರಿಗೆ ಗೊತ್ತಿತ್ತು! ನಾನು ಹೊರಗೆ ಬಂದೆ. ಪಪ್ಪನ ಮುಖ ನೋಡಿದರೆ ಮಾತು ಹೊರಡುವುದಿಲ್ಲ ಎಂದು ನೆಲ ನೋಡಿದೆ.

"ನನಗೆ ಹೋಗ್ಬೇಕು ಪಪ್ಪ. ಆ ಹುಡುಗ ಒಳ್ಳೆಯವನೇ ಇರಬಹುದು. ನನಗೆ ಅದನ್ನೇ ಓದ್ಬೇಕು. ಕತ್ತಲೆ ಇದ್ರೂ ಪರವಾಗಿಲ್ಲ. ಅಳು ಬಂದ್ರೆ ಅಳ್ತೇನೆ, ವಾಪಸ್ ಬರುದಿಲ್ಲ."

ಪಪ್ಪ ನನ್ನನ್ನಲ್ಲ, ಅವರನ್ನು ಕೇಳಿದರು.

"ಮತ್ತೆ ಆ ಹುಡುಗನ ಮನೆಯವರಿಗೆ ಎಂತ ಹೇಳುದು?"

"ಹುಡುಗಿ ಓದ್ಲಿಕ್ಕೆ ಹೋಗ್ತಾಳೆ ಅಂತ ಹೇಳುದು. ಅದರಲ್ಲಿ ಸುಳ್ಳು ಎಂತ ಉಂಟು?" ಎಂದು ಅವರು ತಣ್ಣಗಾದ ಚಹಾವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು. ಮಮ್ಮಿ ಎದ್ದು ಒಳಗೆ ಹೋದರು. ಅವರ ಸಿಟ್ಟು ಇಳಿಯಲು ಆ ವಾರವೆಲ್ಲ ಬೇಕಾಯಿತು. ಆಮೇಲೆ ನನಗೆ ಉಣ್ಣೆಯ ಸ್ವೆಟರುಗಳನ್ನು ಹುಡುಕಿಕೊಂಡು ಇಡೀ ದೋಹಾ ಸುತ್ತಿದವರೂ ಅವರೇ.

ಜ್ಞಾನಸ್ನಾನದ ಪತ್ರ ಯಾಕೆ ಬೇಕಿತ್ತು ಎಂದು ನಾನು ಆಮೇಲೆ ಕೇಳಿದೆ. ಅದನ್ನು ಆ ಸ್ಕಾಟ್ಲೆಂಡಿನ ಫಾದರಿಗೆ ಕಳಿಸಲಿಕ್ಕಂತೆ. "ಹೊರದೇಶದಲ್ಲಿ ನೀನು ಸತ್ತುಗಿತ್ತು ಹೋದ್ರೆ ಯಾವ ಇಗರ್ಜಿಯವಳು ಅಂತ ಯಾರಿಗೆ ಗೊತ್ತಾಗ್ತದೆ? ಮೊದಲೇ ಹೇಳಿಡ್ಬೇಕು," ಎಂದರು. ಹೊರಡುವವಳಿಗೆ ಇಂಥ ಆಶೀರ್ವಾದ ಬೇರೆ ಯಾರು ಕೊಟ್ಟಾರು!

ವೀಸಾಕ್ಕೆ ತಯಾರು ಮಾಡಿದವರೂ ಅವರೇ. ನಮ್ಮ ಊಟದ ಮೇಜಿನ ಆಚೆ ಕೂತು ಎಡಗಣ್ಣು ಮುಚ್ಚಿ ಅಧಿಕಾರಿಯಾಗುತ್ತಿದ್ದರು.

"ಓದು ಮುಗಿದ ಮೇಲೆ ಎಲ್ಲಿ ಹೋಗ್ತೀ?"

"ಮನೆಗೆ."

"ಯಾವ ಮನೆ? ಕತಾರ್ ನಿನ್ನ ದೇಶ ಅಲ್ಲ. ಆರು ತಿಂಗಳು ಹೊರಗೆ ಇದ್ರೆ ಇಲ್ಲಿಯ ರೆಸಿಡೆನ್ಸಿ ಖಲಾಸ್. ಊರಿನಲ್ಲಿ ನೀನು ರಜೆಯಲ್ಲಿ ಬಿಟ್ರೆ ಇದ್ದವಳೇ ಅಲ್ಲ. ಮತ್ತೆ ಯಾವ ಮನೆ?"

ಕತಾರಿನಲ್ಲಿ ಬೆಳೆದ ನಮ್ಮಂಥ ಮಕ್ಕಳನ್ನು ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಅವರು ಬಿಡಲಿಲ್ಲ, ದಿನವೂ ಕೇಳಿದರು. ಒಂದು ದಿನ ನಾನು ರೇಗಿ, "ಪಪ್ಪ ಮಮ್ಮಿ ಎಲ್ಲಿರ್ತಾರೋ ಅಲ್ಲಿಗೆ!" ಎಂದೆ. ಅವರು ಮುಚ್ಚಿದ ಕಣ್ಣನ್ನು ತೆರೆದರು.

"ಇದು ಬಾಯಿಪಾಠ ಅಲ್ಲ. ಇದನ್ನೇ ಹೇಳು."

ನಿಜವಾದ ವೀಸಾ ಕೇಂದ್ರದಲ್ಲಿ ಬೆರಳಚ್ಚು ತೆಗೆದುಕೊಂಡು ಕಳಿಸಿಬಿಟ್ಟರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಅವರಿಗೆ ಭಾರಿ ಬೇಸರದ ವಿಷಯವಾಯಿತು. "ಕೇಳದೆ ಕೊಡ್ತಾರಾದ್ರೆ ಅದು ಎಂತ ವೀಸಾ?" ಎಂದು ಸ್ಟಾಂಪನ್ನು ಬೆಳಕಿಗೆ ಹಿಡಿದು ನೋಡಿದರು. ಏರ್‌ಪೋರ್ಟಿಗೂ ಬಂದರು. ನನ್ನ ಸೂಟ್‌ಕೇಸಿನ ಬೀಗವನ್ನು ಎಳೆದು ನೋಡಿ, "ಯಲ್ಲಾ, ಹೋಗು. ಯಾರನ್ನೂ ನಂಬ್ಬೇಡ," ಎಂದರು. ಸ್ವಲ್ಪ ತಡೆದು, "ಎಲ್ಲರನ್ನೂ ನಂಬದೆ ಸಹ ಇರ್ಬೇಡ. ನನ್ನ ಹಾಗೆ ಆಗ್ತದೆ," ಎಂದರು.

ಸ್ಕಾಟ್ಲೆಂಡಿನಲ್ಲಿ ಫಾದರ್ ಹೇಳಿದ್ದೆಲ್ಲ ನಿಜವಾಯಿತು. ಕತ್ತಲೆ ಇತ್ತು, ಒಂಟಿತನ ಇತ್ತು, ನಾನು ಅತ್ತೆ. ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ ಪೂಜೆಯ ನಂತರ ಆ ಫಾದರ್ ನನ್ನನ್ನು ನಿಲ್ಲಿಸಿ, ಕತಾರಿನಿಂದ ನಿನ್ನ ಅಂಕಲ್ ಮತ್ತೆ ಫೋನ್ ಮಾಡಿದ್ದರು, ನೀನು ಊಟ ಮಾಡುತ್ತೀಯಾ ಎಂದು ವಿಚಾರಿಸಿದರು ಎಂದು ನಕ್ಕರು. ಆ ಫಾದರಿನ ಮನೆಯ ಅಡುಗೆಮನೆಯಲ್ಲಿ ಅವತ್ತು ನನಗೆ ಬಿಸಿ ಸೂಪು ಸಿಕ್ಕಿತು, ಆಮೇಲೆ ಪ್ರತಿ ಭಾನುವಾರವೂ. ನಾನು ಅರ್ಧದಲ್ಲಿ ಬಿಟ್ಟು ಬರಲಿಲ್ಲ. ಇವತ್ತು ಕಾಂಡ್ಲಾ ಕೆಸರಿನ ಜೀವಿಗಳನ್ನು ಓದುವುದೇ ನನ್ನ ಕೆಲಸ. ಯಾರನ್ನೂ ನಂಬದ ಮನುಷ್ಯ ನನ್ನ ಒಂದು ಮಾತನ್ನು ನಂಬಿದ್ದರಿಂದ ಇದೆಲ್ಲ ಆಯಿತು. ಈ ಋಣವನ್ನು ನಾನು ಅವರ ಮುಂದೆ ಹೇಳಿಕೊಂಡಿದ್ದರೆ, ಇವಳಿಗೆ ಎಂತ ಬೇಕಂತೆ ಎಂದು ಕೇಳುತ್ತಿದ್ದರೇನೋ.

ಅವರು ಕೆಲಸದಿಂದ ನಿವೃತ್ತರಾಗಿ ಊರಿಗೆ ಹೋದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ದೂರದಲ್ಲಿದ್ದೆ, ಮಣ್ಣು ಹಾಕಲು ಹೋಗಲಾಗಲಿಲ್ಲ. ರಜೆಗೆ ಬಂದಾಗ ಪಪ್ಪನ ಜೊತೆ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ತಂಗಿ. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಅಣ್ಣನ ಕೊನೆಯ ದಿನಗಳಲ್ಲಿ ಬಂದು ನೋಡಿಕೊಂಡವರು ಅವರೇ ಎಂದು ಪಪ್ಪ ಹೇಳಿದ್ದರು. ನಾನು ಯಾರೆಂದು ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಆ ಕಡಲಿನದ್ದು ಓದ್ಲಿಕ್ಕೆ ಹೋದವಳು ನೀನೇನಾ?"

"ಹೌದು ಆಂಟಿ."

"ನೀನು ವಿಮಾನ ಹತ್ತಿದ ದಿನ ಅವ ನನಗೆ ಫೋನ್ ಮಾಡಿದ್ದ. ಇಲ್ಲಿ ಒಂದು ಹುಡುಗಿಯನ್ನು ಕಳಿಸಿದೆವು, ಕಳಿಸುವ ಮೊದಲು ಅವಳನ್ನು ಕೇಳಿದೆ, ಅಂತ ಹೇಳಿದ. ಅಷ್ಟೇ ಹೇಳಿದ್ದು. ಮತ್ತೆ ಫೋನ್ ಹಿಡ್ಕೊಂಡು ಸುಮ್ಮನೆ ನಿಂತ."

"ನೀವು ಏನು ಹೇಳಿದಿರಿ?"

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ನಾನು ಎಂತ ಹೇಳುದು ಮಗಾ? ನಿನಗೆ ಊಟ ಆಯ್ತಾ ಅಂತ ಕೇಳಿದೆ. ಅವ ಅತ್ತುಬಿಟ್ಟ."